ನಾಯಿಯ ಫೋಟೋ, ಹಳೇ ತೈಲಚಿತ್ರದ ಹಾಗೆ: ಕಿಟಕಿಯ ಬೆಳಕಿನಿಂದ ಗೋಡೆಯ ಚೌಕಟ್ಟಿನವರೆಗೆ

ನಾನು ಮೊದಲ ಸಲ ಈ ಥರದ ಫೋಟೋ ತೆಗೆಯಲು ಹೋದಾಗ ಗೋಡೆಗೆ ಒಂದು ಕರಿ ಬಟ್ಟೆ ನೇತುಹಾಕಿ, ನಮ್ಮ ಮನೆಯ ಕರಿ ನಾಯಿಯನ್ನು ಅದರ ಮುಂದೆ ಕೂರಿಸಿ, ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದಿದ್ದೆ. ಬಂದದ್ದು ಎರಡು ಹಸಿರು ಕಣ್ಣು, ಒಂದು ಗುಲಾಬಿ ನಾಲಿಗೆ. ಉಳಿದ ನಾಯಿ ಎಲ್ಲಿದೆ ಅಂತ ಹುಡುಕಬೇಕಿತ್ತು. ಬಿಡಲಿಲ್ಲ, ಅದಕ್ಕೆ ಕಂಪ್ಯೂಟರ್‌ನಲ್ಲಿ ಆಯಿಲ್ ಪೇಂಟ್ ಫಿಲ್ಟರ್ ಹಾಕಿದೆ. ಬಿಸಿಲಲ್ಲಿ ಕರಗಿದ ಪ್ಲಾಸ್ಟಿಕ್ ಬೊಂಬೆಯ ಹಾಗಾಯಿತು.

ಆಮೇಲೆ ತುಂಬ ಫೋಟೋ ಕೆಡಿಸಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಹಳೇ ತೈಲಚಿತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಕತ್ತಲು. ಕಲಾವಿದ ಏನನ್ನೆಲ್ಲ ಕತ್ತಲಿಗೆ ಬಿಟ್ಟಿದ್ದಾನೆ, ಏನನ್ನು ಮಾತ್ರ ಬೆಳಕಿಗೆ ತಂದಿದ್ದಾನೆ ಅನ್ನುವುದರಲ್ಲೇ ಗುಟ್ಟಿದೆ. ಅದನ್ನು ಶಟರ್ ಒತ್ತುವ ಮೊದಲೇ ತೀರ್ಮಾನ ಮಾಡಬೇಕು. ಫಿಲ್ಟರ್ ಆ ಕೆಲಸ ಮಾಡಿಕೊಡುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಬೆಳಕು ಮತ್ತು ನಾಯಿಯ ಬಗ್ಗೆ ಜಾಸ್ತಿ ಇದೆ, ಕ್ಯಾಮೆರಾ ಬಗ್ಗೆ ಕಡಿಮೆ.

1. ಕ್ಯಾಮೆರಾ ಮುಟ್ಟುವ ಮೊದಲು ಒಂದು ಸಂಜೆ ಚಿತ್ರ ನೋಡಿ

ಸುಮ್ನೆ ನೋಡಬೇಡಿ, ಪ್ರಶ್ನೆ ಕೇಳುತ್ತಾ ನೋಡಿ. ಬೆಳಕು ಯಾವ ಕಡೆಯಿಂದ ಬಂದಿದೆ? ನಾಯಿಯ ಬಾಯಿ ತೆರೆದಿದೆಯೋ ಮುಚ್ಚಿದೆಯೋ? ಮೈಯ ಯಾವ ಅಂಚು ಹಿನ್ನೆಲೆಯಲ್ಲಿ ಕರಗಿಹೋಗಿದೆ?

ಎಡ್ವಿನ್ ಲ್ಯಾಂಡ್‌ಸೀರ್ 1841ರಲ್ಲಿ ಬರೆದ ಈಯೋಸ್ ಎಂಬ ಗ್ರೇಹೌಂಡ್‌ನ ಚಿತ್ರದಿಂದ ಶುರುಮಾಡಿ. ಅದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್‌ನ ನಾಯಿ. ಕರಿ ನಾಯಿ ಪಕ್ಕಕ್ಕೆ ನಿಂತಿದೆ, ಯಜಮಾನ ಚಿತ್ರದಲ್ಲಿಲ್ಲ. ಆದರೆ ಅವನ ಟೋಪಿ, ಕೈಗವಸು ಅಲ್ಲಿವೆ. ಅಷ್ಟರಲ್ಲೇ ಅವನು ಈಗ ಬರಬಹುದು, ನಾಯಿ ಕಾಯುತ್ತಿದೆ ಅಂತ ಗೊತ್ತಾಗುತ್ತದೆ. ಇದೇ ಲ್ಯಾಂಡ್‌ಸೀರ್ ಬರೆದ ಕಪ್ಪು ಬಿಳುಪಿನ ನ್ಯೂಫೌಂಡ್‌ಲ್ಯಾಂಡ್ ನಾಯಿಯೊಂದರ ಚಿತ್ರ 1838ರಲ್ಲಿ ಪ್ರದರ್ಶನಕ್ಕೆ ಬಂತು. ಆ ಬಣ್ಣದ ನಾಯಿಗಳನ್ನು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಬಿಳಿ ನಾಯಿ ಇರುವವರು ಜಾರ್ಜ್ ಸ್ಟಬ್ಸ್ (1724–1806) ಬರೆದ ಪೂಡಲ್ ನೋಡಿ. ಅದು ಪುಟ್ಟ ದೋಣಿಯಲ್ಲಿ ನಿಂತಿದೆ, ಹಿಂದೆ ಗಾಢವಾದ ಗಿಡಮರ. ವೆಲಾಸ್ಕೆಸ್ 1656ರಲ್ಲಿ ಬರೆದ ‘ಲಾಸ್ ಮೆನಿನಾಸ್’ ಚಿತ್ರದ ಮುಂಭಾಗದಲ್ಲಿ ತೂಕಡಿಸುತ್ತಾ ಮಲಗಿರುವ ದೊಡ್ಡ ನಾಯಿಯನ್ನಂತೂ ಬಿಡಲೇಬೇಡಿ. ದೂರದಿಂದ ಅದರ ತುಪ್ಪಳ ಎಳೆ ಎಳೆಯಾಗಿ ಇರುವ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಬರೀ ಸಡಿಲವಾದ ಕುಂಚದ ಹೊಡೆತಗಳು. ಎಲ್ಲ ಕೂದಲೂ ಚೂಪಾಗಿ ಕಾಣಬೇಕು ಅನ್ನುವ ನಮ್ಮ ಕ್ಯಾಮೆರಾ ಚಪಲಕ್ಕೆ ಇದಕ್ಕಿಂತ ಒಳ್ಳೇ ಮದ್ದು ಇಲ್ಲ.

ನಿಮಗೆ ಇಷ್ಟವಾದ ಎರಡು ಅಥವಾ ಮೂರು ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ. ಹತ್ತು ಬೇಡ, ತಲೆ ಕೆಡುತ್ತದೆ.

2. ಬೆಳಕು: ಒಂದೇ ಕಿಟಕಿ, ಅದೂ ಅರ್ಧ

ಈ ಕೆಲಸಕ್ಕೆ ಬೇಕಾದದ್ದು ನೇರ ಬಿಸಿಲು ಬೀಳದ ಒಂದು ದೊಡ್ಡ ಕಿಟಕಿ. ಯುರೋಪಿನ ಹಳೇ ಕಲಾವಿದರು ಉತ್ತರದ ಕಿಟಕಿಯನ್ನು ಇಷ್ಟಪಡುತ್ತಿದ್ದದ್ದು ಇದಕ್ಕೇ. ಅಲ್ಲಿ ಸೂರ್ಯ ಆ ಕಡೆ ಹೆಚ್ಚಾಗಿ ಬಾರದ ಕಾರಣ ಇಡೀ ದಿನ ಬೆಳಕು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ನಿಮ್ಮ ಮನೆಯಲ್ಲಿ ಯಾವ ಕಿಟಕಿಗೆ ಯಾವ ಹೊತ್ತಿನಲ್ಲಿ ಬಿಸಿಲು ಬೀಳುವುದಿಲ್ಲ ಅಂತ ಒಂದು ದಿನ ಗಮನಿಸಿ ಸಾಕು.

ಈಗ ಕೋಣೆಯ ಬೇರೆ ಎಲ್ಲ ಕಿಟಕಿ ಮುಚ್ಚಿ. ಲೈಟುಗಳನ್ನು ಆರಿಸಿ. ಇದನ್ನು ಬಹಳ ಜನ ಮಾಡುವುದಿಲ್ಲ. ಮೇಲೊಂದು ಬಲ್ಬ್ ಉರಿಯುತ್ತಿದ್ದರೆ ನಾಯಿಯ ಬೆನ್ನ ಮೇಲೆ ಹಳದಿ ಬಣ್ಣ ಕೂರುತ್ತದೆ, ಆಮೇಲೆ ಅದನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಒದ್ದಾಡಬೇಕು.

ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಬಟ್ಟೆ ಕಟ್ಟಿ. ನಾಯಿ ಕೂತಾಗ ಅದರ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೋ ಸರಿಸುಮಾರು ಅಲ್ಲಿಯವರೆಗೆ. ಆಗ ಬೆಳಕು ಮೇಲಿನಿಂದ ಇಳಿದು ಬರುತ್ತದೆ. ತಲೆ, ಮೂತಿಯ ಮೇಲ್ಭಾಗ, ಎದೆ ಬೆಳಗುತ್ತವೆ, ಕಾಲುಗಳು ಕತ್ತಲಿಗೆ ಜಾರುತ್ತವೆ. ಹಳೇ ಚಿತ್ರಗಳಲ್ಲಿ ಕೆಳಗೆ ಹೋಗುತ್ತಾ ಎಲ್ಲ ಮಂಕಾಗುವುದು ನೆನಪಿದೆಯಾ? ಅದು ಹೀಗೆ ಬರುತ್ತದೆ.

ಡಚ್ ಕಲಾವಿದ ರೆಂಬ್ರಾಂಟ್ (1606–1669) ಹೆಸರಿನ ಬೆಳಕಿನ ಬಗ್ಗೆ ಕೇಳಿರುತ್ತೀರಿ. ಬೆಳಕನ್ನು ಪಕ್ಕಕ್ಕೆ 45 ಡಿಗ್ರಿ, ಮೇಲಕ್ಕೆ 45 ಡಿಗ್ರಿ ಇಟ್ಟರೆ ಮನುಷ್ಯರ ನೆರಳಿನ ಕೆನ್ನೆಯ ಮೇಲೆ ಪುಟ್ಟ ತ್ರಿಕೋನದಲ್ಲಿ ಬೆಳಕು ಬೀಳುತ್ತದೆ. ನಾಯಿಗೆ ಇದನ್ನು ಹಾಗೇ ತಂದು ಹಾಕಲು ಹೋಗಬೇಡಿ. ನಾಯಿಯ ಮೂತಿ ಮುಂದಕ್ಕೆ ಚಾಚಿರುತ್ತದೆ, ಹುಬ್ಬಿನ ಮೂಳೆ ಕಣ್ಣಿನ ಮೇಲೆ ಬಾಗಿರುತ್ತದೆ, ಕೆಲವಕ್ಕೆ ಕೂದಲೇ ಕಣ್ಣು ಮುಚ್ಚಿರುತ್ತದೆ. ತ್ರಿಕೋನ ಹುಡುಕುತ್ತಾ ಕೂತರೆ ಕಣ್ಣು ಸತ್ತುಹೋಗುತ್ತದೆ. ನಾನು ಪಾಲಿಸುವ ನಿಯಮ ಇದಕ್ಕಿಂತ ಸರಳ: ನಾಯಿಯ ಮೂಗು ಕಿಟಕಿಯ ಕಡೆ, ಕ್ಯಾಮೆರಾ ನೆರಳಿನ ಕಡೆ. ಅಂದರೆ ನಮಗೆ ಹತ್ತಿರ ಇರುವ ಕೆನ್ನೆ ಕತ್ತಲಲ್ಲಿ ಇರುತ್ತದೆ, ಆಚೆ ಕೆನ್ನೆಗೆ ಬೆಳಕು. ಇಷ್ಟು ಮಾಡಿದರೆ ಮುಖಕ್ಕೆ ತಾನಾಗಿಯೇ ಆಳ ಬರುತ್ತದೆ.

ಆಮೇಲೆ ಕಣ್ಣು ನೋಡಿ. ಕಣ್ಣಿನಲ್ಲಿ ಕಿಟಕಿಯ ಒಂದು ಪುಟ್ಟ ಹೊಳಪು ಕಾಣಲೇಬೇಕು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ 10 ಗಂಟೆ ಅಥವಾ 2 ಗಂಟೆಯ ಜಾಗದಲ್ಲಿ. ಕಾಣದಿದ್ದರೆ ಬೆಳಕು ತೀರಾ ಮೇಲಿದೆ ಅಂತ ಅರ್ಥ, ಬಟ್ಟೆಯನ್ನು ಸ್ವಲ್ಪ ಇಳಿಸಿ. ಪಗ್‌ನಂತಹ ಚಪ್ಪಟೆ ಮುಖದ ನಾಯಿಗಳಿಗೆ ಬೆಳಕು ಇನ್ನಷ್ಟು ಮುಂದಿನಿಂದ, ಇನ್ನಷ್ಟು ಕೆಳಗಿನಿಂದ ಬರಬೇಕು. ಇಲ್ಲದಿದ್ದರೆ ಮಡಿಕೆಗಳ ನೆರಳು ಕಣ್ಣನ್ನು ನುಂಗುತ್ತದೆ.

ನೆರಳಿನ ಕಡೆ ತೀರಾ ಕಪ್ಪಾದರೆ ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ. ಹತ್ತಿರ ತಂದರೆ ನೆರಳು ಸಪ್ಪೆಯಾಗುತ್ತದೆ. ಬಿಳಿ ಗೋಡೆಯ ಚಿಕ್ಕ ಕೋಣೆಯಾದರೆ ಉಲ್ಟಾ ಸಮಸ್ಯೆ, ಬೆಳಕು ಎಲ್ಲ ಕಡೆ ಪುಟಿದು ನೆರಳೇ ಉಳಿಯುವುದಿಲ್ಲ. ಆಗ ನೆರಳಿನ ಕಡೆ ಕರಿ ಬಟ್ಟೆ ಹಿಡಿಯಿರಿ. ನನ್ನ ಅನುಭವದಲ್ಲಿ ಬಿಳಿ ಹಾಳೆಗಿಂತ ಈ ಕರಿ ಬಟ್ಟೆಯೇ ಜಾಸ್ತಿ ಕೆಲಸಕ್ಕೆ ಬಂದಿದೆ.

ಕಿಟಕಿ ಸರಿ ಇಲ್ಲದವರು ಫ್ಲ್ಯಾಶ್ ಬಳಸಬಹುದು, ಆದರೆ ಕ್ಯಾಮೆರಾ ಮೇಲೆ ಇಟ್ಟಲ್ಲ. ನಾಯಿಯ ಕಣ್ಣಿನ ಒಳಗೆ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುವ ಒಂದು ಪದರ ಇದೆ. ಫ್ಲ್ಯಾಶ್ ಲೆನ್ಸ್‌ಗೆ ಹತ್ತಿರ ಇದ್ದಷ್ಟೂ ಆ ಹಸಿರು ಹೊಳಪು ನೇರ ಲೆನ್ಸ್‌ಗೇ ಬರುತ್ತದೆ. ನನ್ನ ಮೊದಲ ಫೋಟೋದ ಭೂತದ ಕಣ್ಣಿಗೆ ಕಾರಣ ಅದೇ. ಫ್ಲ್ಯಾಶ್ ಅನ್ನು ಸ್ಟ್ಯಾಂಡ್ ಮೇಲೆ ಹಾಕಿ, 90ರಿಂದ 120 ಸೆಂಟಿಮೀಟರ್ ಅಗಲದ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ಕಟ್ಟಿ, ಪಕ್ಕದಿಂದ ಹೊಡೆಯಿರಿ. ಅದರ ಮುಂದೆ ಜೇನುಗೂಡಿನಂತಹ ಗ್ರಿಡ್ ಸಿಕ್ಕಿಸಿದರೆ ಬೆಳಕು ಹಿನ್ನೆಲೆಗೆ ಚೆಲ್ಲುವುದಿಲ್ಲ.

ಇಲ್ಲೊಂದು ಚಿಕ್ಕ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಸಣ್ಣ ಬೆಳಕಿನ ಮೂಲದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ದೀಪದಿಂದ ನಾಯಿ 1 ಮೀಟರ್, ಹಿನ್ನೆಲೆ 3 ಮೀಟರ್ ದೂರ ಇದ್ದರೆ ಹಿನ್ನೆಲೆ ತಾನಾಗೇ ಕತ್ತಲಾಗುತ್ತದೆ. ಸಾಫ್ಟ್‌ಬಾಕ್ಸ್ ದೊಡ್ಡದಾದಷ್ಟು ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ, ಆದರೂ ದಿಕ್ಕು ಅದೇ. ಕತ್ತಲು ಬೇಕಾದರೆ ಬಟ್ಟೆಯ ಬಣ್ಣ ಬದಲಿಸುವ ಮೊದಲು ನಾಯಿಯನ್ನು ಹಿನ್ನೆಲೆಯಿಂದ ಮುಂದಕ್ಕೆ ಎಳೆದು ನೋಡಿ.

3. ಹಿನ್ನೆಲೆ

ಅಚ್ಚ ಕಪ್ಪು ಬೇಡ. ಹಳೇ ಚಿತ್ರದ ಕತ್ತಲು ಸಾಮಾನ್ಯವಾಗಿ ಕಂದು, ಇಲ್ಲವೇ ಪಾಚಿ ಹಸಿರು ಬೆರೆತ ಬೂದು. ಕಂದು, ಕಾವಿಯಂತಹ ಮಣ್ಣಿನ ಬಣ್ಣಗಳು ಅಗ್ಗವಾಗಿದ್ದವು, ಅವನ್ನೇ ಧಾರಾಳವಾಗಿ ಬಳಸಿದರು. ಒಳ್ಳೇ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲಿನಿಂದ ಬರುತ್ತಿತ್ತು, ಬಲು ದುಬಾರಿ. ಹಾಗಾಗಿ ಹಿನ್ನೆಲೆಗೆ ಗಾಢ ನೀಲಿ ಬಟ್ಟೆ ಹಾಕಿದ ತಕ್ಷಣ ಫೋಟೋ ಸ್ಟುಡಿಯೋದ್ದು ಅನ್ನಿಸಿಬಿಡುತ್ತದೆ.

ಒಂದು ಪರದೆಯನ್ನು ನೀವೇ ಬಣ್ಣ ಹಾಕಿ ಮಾಡಿಕೊಳ್ಳಿ, ಕಷ್ಟವೇನಿಲ್ಲ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ದಪ್ಪ ಹತ್ತಿ ಬಟ್ಟೆ ಅಥವಾ ಕ್ಯಾನ್ವಾಸ್ ತಗೊಳ್ಳಿ. ನೆಲದ ಮೇಲೆ ಹಾಸಿ ಹೊಳಪಿಲ್ಲದ ಗೋಡೆ ಬಣ್ಣದಲ್ಲಿ ಮೊದಲು ಪೂರ್ತಿ ಬೂದು ಬಳಿಯಿರಿ. ಒಣಗಿದ ಮೇಲೆ ಕಡು ಕಂದು, ಪಾಚಿ ಹಸಿರು, ಮಧ್ಯಮ ಬೂದು, ಈ ಮೂರನ್ನೂ ನೀರು ಬೆರೆಸಿ ತೆಳ್ಳಗೆ ಮಾಡಿ, ದೊಡ್ಡ ಸ್ಪಂಜಿನಿಂದ ಅಡ್ಡಾದಿಡ್ಡಿ ಒತ್ತಿ. ಮಧ್ಯದಲ್ಲಿ ಸ್ವಲ್ಪ ತಿಳಿಯಾಗಿರಲಿ, ಅಂಚಿಗೆ ಹೋಗುತ್ತಾ ಕಪ್ಪಾಗಲಿ. ಹತ್ತಿರದಿಂದ ನೋಡಿದರೆ ಗಲೀಜು ಅನ್ನಿಸಬೇಕು. ಫೋಟೋದಲ್ಲಿ ಮಸುಕಾದಾಗ ಅದೇ ಚೆಂದ. ಮಡಚಿಡಬೇಡಿ, ಪೈಪಿಗೆ ಸುತ್ತಿ ಇಡಿ. ಮಡಿಕೆಯ ಗೆರೆ ಒಂದು ಸಲ ಬಂದರೆ ಎಡಿಟಿಂಗ್‌ನಲ್ಲಿ ಅದನ್ನು ಅಳಿಸುತ್ತಲೇ ಇರಬೇಕು.

ನಾಯಿಯ ಬಣ್ಣಕ್ಕೆ ತಕ್ಕ ಹಾಗೆ ಒಂದು ಎಚ್ಚರಿಕೆ ಬೇಕು. ಕರಿ ನಾಯಿಗೆ ಹಿನ್ನೆಲೆ ಅದರ ಮೈಗಿಂತ ಒಂದಿಷ್ಟು ತಿಳಿಯಾಗಿರಬೇಕು, ಇಲ್ಲದಿದ್ದರೆ ಆಕಾರವೇ ಉಳಿಯುವುದಿಲ್ಲ. ಬಿಳಿ ನಾಯಿಗೆ ಗಾಢವಾದದ್ದು ಸರಿ. ಇನ್ನೊಂದು ಹಳೇ ಉಪಾಯ: ನಾಯಿಯ ಬೆಳಕಿನ ಕಡೆ ಹಿನ್ನೆಲೆ ಕಪ್ಪಾಗಿ, ನೆರಳಿನ ಕಡೆ ಹಿನ್ನೆಲೆ ತುಸು ತಿಳಿಯಾಗಿ ಇರಲಿ. ಬೆಳಕು ಕತ್ತಲ ಮೇಲೆ, ಕತ್ತಲು ಬೆಳಕಿನ ಮೇಲೆ. ಪರದೆಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಇದು ಸಿಗುತ್ತದೆ.

4. ಜೊತೆಗೆ ಇಡುವ ವಸ್ತುಗಳು

ಒಂದು ಸಾಕು. ಹಳೇ ಮರದ ಪೆಟ್ಟಿಗೆ, ಮಾಸಿದ ಕೆಂಪು ವೆಲ್ವೆಟ್ ಬಟ್ಟೆ, ಯಜಮಾನರ ಟೋಪಿ, ಇಂಥದ್ದು ಯಾವುದಾದರೂ. ಈಯೋಸ್ ಚಿತ್ರದ ಪಾಠ ಇಲ್ಲಿ ನೆನಪಿರಲಿ: ನಾಯಿ ಯಾರದು ಅಂತ ಹೇಳುವ ವಸ್ತು ಇದ್ದರೆ ಚಿತ್ರಕ್ಕೊಂದು ಕಥೆ ಬರುತ್ತದೆ.

ಹಳೇ ಚಿತ್ರಗಳಲ್ಲಿ ಬೇಟೆನಾಯಿಯ ಪಕ್ಕ ಹಣ್ಣಿನ ರಾಶಿ ಇರುವುದನ್ನು ನೋಡಿ ದ್ರಾಕ್ಷಿ ಗೊಂಚಲು ತಂದಿಡಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತವೆ. ನೀವು ಲೆನ್ಸ್ ಬದಲಿಸುವಷ್ಟರಲ್ಲಿ ಅದು ನುಂಗಿರುತ್ತದೆ. ಬೇಕೇ ಬೇಕು ಅಂದರೆ ಹಣ್ಣನ್ನು ನಾಯಿ ಇಲ್ಲದಾಗ ಬೇರೆಯಾಗಿ ತೆಗೆದು ಆಮೇಲೆ ಸೇರಿಸಿ.

ಕೋಟು, ಪದಕ, ಸೈನ್ಯದ ಟೋಪಿ ಹಾಕಿಸುವ ಚಟದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ನಗು ಬರುತ್ತದೆ ನಿಜ, ಆದರೆ ನೋಡುವವರು ಕೋಟನ್ನು ನೋಡುತ್ತಾರೆ, ನಾಯಿಯನ್ನಲ್ಲ. ಕುತ್ತಿಗೆಗೆ ಬಿಳಿ ನೆರಿಗೆಯ ಕಾಲರ್ ಹಾಕಬೇಕೆನ್ನಿಸಿದರೆ ಗಂಟು ಕಟ್ಟುವ ಬದಲು ವೆಲ್ಕ್ರೋ ಬಳಸಿ, ಎಳೆದ ಕೂಡಲೇ ಕಳಚಿ ಬರಬೇಕು. ಮಿಂಚುವ ನೈಲಾನ್ ಪಟ್ಟಿ ಇದ್ದರೆ ಬಿಚ್ಚಿ. ಸಾದಾ ಚರ್ಮದ ಪಟ್ಟಿಯಾದರೆ ಇರಲಿ.

5. ನಾಯಿಯನ್ನು ಸಿದ್ಧ ಮಾಡುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಒಂದೇ ವಾಕ್ಯದಲ್ಲಿ ಹೇಳಬೇಕಾದರೆ, ಬಾಯಿ ಮುಚ್ಚಿಸಬೇಕು.

ತಮಾಷೆಗೆ ಹೇಳಿದ್ದಲ್ಲ. ಹಳೇ ಭಾವಚಿತ್ರಗಳ ನಾಯಿಗಳಲ್ಲಿ ಒಂದು ಗಾಂಭೀರ್ಯ ಕಾಣುತ್ತದಲ್ವಾ, ಅದರ ದೊಡ್ಡ ಪಾಲು ಮುಚ್ಚಿದ ಬಾಯಿಯಿಂದ ಬರುತ್ತದೆ. ನಾಲಿಗೆ ಹೊರಗೆ ಬಿದ್ದರೆ ಎಷ್ಟೇ ಒಳ್ಳೇ ಬೆಳಕಿದ್ದರೂ ಅದು ಪಾರ್ಕಿನ ಫೋಟೋ. ನಾಯಿಗೆ ಸೆಕೆಯಾದಾಗ, ದಣಿದಾಗ, ಗಾಬರಿಯಾದಾಗ ಏದುಸಿರು ಬಿಡುತ್ತದೆ. ಹಾಗಾಗಿ ಮೊದಲು ಒಂದು ನಿಧಾನದ ವಾಕಿಂಗ್, ಆಮೇಲೆ ನೀರು, ಆಮೇಲೆ ತಂಪಾದ ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಬಿಡುವುದು. ಓಡಿಸಿ ಸುಸ್ತು ಮಾಡಿದರೆ ಸುಮ್ಮನೆ ಕೂರುತ್ತದೆ ಅನ್ನುವುದು ಅರ್ಧ ಸತ್ಯ ಮಾತ್ರ. ಕೂರುತ್ತದೆ, ನಾಲಿಗೆ ಚಾಚಿಕೊಂಡು.

ಆ ಅರ್ಧ ಗಂಟೆಯಲ್ಲಿ ಕೋಣೆಯನ್ನೆಲ್ಲ ಮೂಸಿ ನೋಡಲಿ. ಸ್ಟ್ಯಾಂಡ್, ಪರದೆ, ಕ್ಯಾಮೆರಾ ಎಲ್ಲವನ್ನೂ. ಫ್ಲ್ಯಾಶ್ ಬಳಸುವುದಾದರೆ ಕಡಿಮೆ ಶಕ್ತಿಯಲ್ಲಿ ಒಂದು ಸಲ ಹೊಡೆಯಿರಿ, ತಕ್ಷಣ ಒಂದು ಚೂರು ತಿನಿಸು ಕೊಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಬೆಳಕು ಮಿಂಚಿದರೆ ತಿನಿಸು ಬರುತ್ತದೆ ಅನ್ನುವ ಲೆಕ್ಕ ಅದಕ್ಕೆ ಸಿಗುತ್ತದೆ. ತಿನಿಸು ಕಡಲೆಕಾಳಿನಷ್ಟು ಚಿಕ್ಕದಿರಲಿ. ದೊಡ್ಡದಾದರೆ ಅಗಿಯುವುದರಲ್ಲೇ ಹೊತ್ತು ಹೋಗುತ್ತದೆ, ಮೂತಿಗೆಲ್ಲ ಚೂರು ಅಂಟುತ್ತದೆ.

ಮೈ ಬಾಚಿ. ಕಣ್ಣಿನ ಮೂಲೆಯ ಪಿಸುರು ಒದ್ದೆ ಹತ್ತಿಯಲ್ಲಿ ಒರೆಸಿ. ಜೊಲ್ಲು ಸುರಿಸುವ ಜಾತಿಯಾದರೆ ಹೆಗಲ ಮೇಲೆ ಒಂದು ಟವಲ್ ಇಟ್ಟುಕೊಳ್ಳಿ.

ಕೂರಿಸುವ ಜಾಗ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿದ್ದರೆ ಅನುಕೂಲ. ಅಗಲವಾದ, ಅಲುಗಾಡದ ಪೆಟ್ಟಿಗೆ, ಅದರ ಮೇಲೆ ಜಾರದ ರಬ್ಬರ್ ಹಾಸು, ಅದರ ಮೇಲೆ ನಿಮ್ಮ ವೆಲ್ವೆಟ್. ಎತ್ತರದ ಅಂಚಿನ ಅರಿವಾದರೆ ನಾಯಿ ಅಡ್ಡಾಡುವುದು ಕಡಿಮೆ. ಕಾಲು ಜಾರುವ ಜಾಗದಲ್ಲಿ ಮಾತ್ರ ಯಾವ ನಾಯಿಯೂ ಘನತೆಯಿಂದ ಕೂರುವುದಿಲ್ಲ. ವಯಸ್ಸಾದ, ಕೀಲು ನೋವಿರುವ ನಾಯಿಯನ್ನು ಹತ್ತಿಸಬೇಡಿ. ನೆಲದ ಮೇಲೆ ದಿಂಬು ಹಾಕಿ ಮಲಗಿಸಿಯೇ ತೆಗೆಯಿರಿ. ಮುಂಗಾಲು ದಿಂಬಿನ ಮೇಲೆ, ತಲೆ ಎತ್ತಿ ಕಿಟಕಿ ನೋಡುವ ಭಂಗಿ ಹಳೇ ಚಿತ್ರಗಳಲ್ಲೂ ಬೇಕಾದಷ್ಟಿದೆ.

ಪದೇ ಪದೇ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಕಣ್ಣಿನ ಬಿಳಿಭಾಗ ಕಾಣುವ ಹಾಗೆ ಓರೆ ನೋಡುವುದು, ಬಾಲ ಕಾಲಿನ ಮಧ್ಯೆ ಸಿಕ್ಕಿಸಿಕೊಳ್ಳುವುದು. ಇವೆಲ್ಲ ಸಾಕು ಅಂತ ನಾಯಿ ಹೇಳುವ ರೀತಿ. ನಿಲ್ಲಿಸಿ, ಹೊರಗೆ ಕರೆದುಕೊಂಡು ಹೋಗಿ. ಇನ್ನೊಂದು ದಿನ ತೆಗೆದರಾಯಿತು.

6. ಕ್ಯಾಮೆರಾ, ಬೇಗ ಮುಗಿಸೋಣ

ಲೆನ್ಸ್ 70ರಿಂದ 100 ಎಂಎಂ ನಡುವೆ ಯಾವುದಾದರೂ ಸರಿ. ಅಗಲದ ಲೆನ್ಸ್‌ನಲ್ಲಿ ಹತ್ತಿರ ಹೋದರೆ ಮೂಗು ಬದನೆಕಾಯಿಯಾಗುತ್ತದೆ. ಕ್ಯಾಮೆರಾ ನಾಯಿಯ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಗೇಣು ಕೆಳಗೆ ಇರಲಿ. ಮೇಲಿನಿಂದ ಬಾಗಿ ತೆಗೆದ ನಾಯಿ ಮುದ್ದಾಗಿ ಕಾಣುತ್ತದೆ, ಕೆಳಗಿನಿಂದ ತೆಗೆದದ್ದು ದೊರೆಯ ಹಾಗೆ. ನಮಗೆ ಬೇಕಾದದ್ದು ಎರಡನೆಯದು.

ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಹಿನ್ನೆಲೆ ಮಸುಕಾಗಲಿ ಅಂತ ಎಫ್/1.8 ಇಡುವ ಆಸೆ ಎಲ್ಲರಿಗೂ ಇರುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು). ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್ ಹಾಕಿ 2 ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಚೂಪಾಗಿ ಬರುವ ಪದರ ಸುಮಾರು 6 ಸೆಂಟಿಮೀಟರ್ ಮಾತ್ರ. ಉದ್ದ ಮೂತಿಯ ನಾಯಿಯ ಕಣ್ಣಿಗೆ ಫೋಕಸ್ ಆದರೆ ಮೂಗು ಮಂಜು. ಎಫ್/5.6ರಲ್ಲಿ ಅದೇ ಪದರ 18 ಸೆಂಟಿಮೀಟರ್ ಹತ್ತಿರ ಬರುತ್ತದೆ, ಇಡೀ ಮುಖ ಸಿಗುತ್ತದೆ, ಬೆನ್ನು ಮೆತ್ತಗಾಗುತ್ತದೆ. ವೆಲಾಸ್ಕೆಸ್ ಕುಂಚದಲ್ಲಿ ಮಾಡಿದ್ದನ್ನು ಲೆನ್ಸ್ ನಮಗೆ ಮಾಡಿಕೊಡುತ್ತದೆ.

ಕಿಟಕಿ ಬೆಳಕಿಗೆ ಶಟರ್ 1/200, ಎಫ್/4 ಅಥವಾ 5.6, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 1600ರ ಆಸುಪಾಸಿನಿಂದ ಶುರುಮಾಡಿ ಹೊಂದಿಸಿಕೊಳ್ಳಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಈ ಶೈಲಿಗೆ ಅದು ಒಗ್ಗುತ್ತದೆ. ಎಲ್ಲವನ್ನೂ ಮ್ಯಾನುಯಲ್‌ನಲ್ಲಿ ಇಡಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕರಿ ನಾಯಿಯನ್ನು ಬೂದು ಮಾಡುತ್ತದೆ, ಬಿಳಿ ನಾಯಿಯನ್ನೂ ಬೂದು ಮಾಡುತ್ತದೆ. ಬಿಳಿ ನಾಯಿಯಾದರೆ ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಬಡಿಯದ ಹಾಗೆ ನೋಡಿಕೊಳ್ಳಿ. ಬಿಳಿ ತುಪ್ಪಳದ ವಿವರ ಒಮ್ಮೆ ಹೋದರೆ ಹೋಯಿತು. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು 5500 ಕೆಲ್ವಿನ್‌ಗೆ ಕಟ್ಟಿ ಹಾಕಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ.

ಫೋನಿನಲ್ಲೂ ಆಗುತ್ತದೆ. ಜೂಮ್ ಲೆನ್ಸ್ ಆರಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿ ಬೆರಳಿನಿಂದ ಕೆಳಕ್ಕೆ ಎಳೆದು ಕತ್ತಲು ಮಾಡಿ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಕಿವಿಯ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತದೆ.

7. ಆ ಹದಿನೈದು ನಿಮಿಷ

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟು ಮೊದಲು ನಾಯಿ ಇಲ್ಲದ ಖಾಲಿ ಪೆಟ್ಟಿಗೆ, ಖಾಲಿ ಪರದೆಯ ಒಂದು ಫೋಟೋ ತೆಗೆಯಿರಿ. ಮರೆಯಬೇಡಿ. ಆಮೇಲೆ ಹಗ್ಗ ಅಳಿಸಲು, ಹಿಡಿದುಕೊಂಡವರ ಕೈ ಅಳಿಸಲು ಇದೇ ಬೇಕಾಗುತ್ತದೆ. ಚಂಚಲ ನಾಯಿಯಾದರೆ ತೆಳುವಾದ ಹಗ್ಗ ಕುತ್ತಿಗೆಯಿಂದ ನೇರ ಹಿಂದಕ್ಕೆ ಹೋಗುವಂತೆ ಹಿಡಿಸಿ. ಮುಖದ ಮುಂದೆ ಹಾಯದಿದ್ದರೆ ಅಳಿಸುವುದು ಸುಲಭ.

ಸಹಾಯಕ್ಕೆ ಒಬ್ಬರು ಬೇಕು. ಅವರು ಕಿಟಕಿಯ ಪಕ್ಕ, ನಾಯಿಯ ಮೂಗು ಎತ್ತ ತಿರುಗಬೇಕೋ ಅಲ್ಲಿ ನಿಲ್ಲಲಿ. ನಾಯಿ ಪ್ರೀತಿಸುವ ವ್ಯಕ್ತಿಯೇ ಆದರೆ ಇನ್ನೂ ಒಳ್ಳೆಯದು, ಕಣ್ಣಿನಲ್ಲಿ ಬರುವ ಭಾವವೇ ಬೇರೆ. ಅವರಿಗೆ ಒಂದೇ ಕಟ್ಟಪ್ಪಣೆ, ಮಾತಾಡಬಾರದು. ಎಲ್ಲರೂ ಒಟ್ಟಿಗೆ ಹೆಸರು ಕೂಗಿದರೆ ನಾಯಿ ಗೊಂದಲಕ್ಕೆ ಬಿದ್ದು ಎದ್ದು ಬರುತ್ತದೆ.

ಈಗ ಶಬ್ದದ ಆಟ. ಕೇಳದ ಶಬ್ದ ಕಿವಿಗೆ ಬಿದ್ದಾಗ ನಾಯಿ ಬಾಯಿ ಮುಚ್ಚಿ, ಕಿವಿ ನಿಮಿರಿಸಿ, ಎರಡು ಕ್ಷಣ ಕಲ್ಲಾಗುತ್ತದೆ. ಆ ಎರಡು ಕ್ಷಣವೇ ನಿಮ್ಮ ಚಿತ್ರ. ಆದರೆ ಒಂದು ಶಬ್ದ ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ನಡೆಯುವುದಿಲ್ಲ. ಹಾಗಾಗಿ ನಾಲ್ಕೈದು ಶಬ್ದ ಸಿದ್ಧವಿಟ್ಟುಕೊಳ್ಳಿ: ಬೀಗದ ಕೈ ಗೊಂಚಲು, ಕಾಗದ ಮುದುಡುವುದು, ಬಾಗಿಲು ತಟ್ಟುವುದು, ಬಾಯಲ್ಲಿ ಕಿಚಿಕಿಚಿ. ಪೀಪಿ ಆಟಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಒಂದು ಸಲ ಫೋಕಸ್ ಸರಿ ಇದೆಯಾ ಅಂತ ನೋಡಲು ಅದನ್ನೇ ಮೊದಲು ಒತ್ತಿದೆ. ನಾಯಿ ಹಾರಿ ಬಂದು ಆಟಿಕೆ ಕಿತ್ತುಕೊಂಡಿತು, ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ತಯಾರಾದ ಮೇಲೆ ಮಾತ್ರ ಶಬ್ದ. ಶಬ್ದದ ಜೊತೆಗೇ ಮೂರು ನಾಲ್ಕು ಕ್ಲಿಕ್, ತಕ್ಷಣ ತಿನಿಸು. ನಾಯಿ ಲೆನ್ಸನ್ನೇ ನೋಡಬೇಕು ಅಂತಿಲ್ಲ. ಬೆಳಕಿನ ಕಡೆ, ಚೌಕಟ್ಟಿನ ಆಚೆ ನೋಡುತ್ತಿದ್ದರೆ ಏನೋ ಯೋಚಿಸುತ್ತಿರುವಂತೆ ಕಾಣುತ್ತದೆ. ಅದು ಯೋಚಿಸುತ್ತಿರುವುದು ತಿನಿಸಿನ ಬಗ್ಗೆ, ಆ ಮಾತು ಬೇರೆ. ನೋಡುವ ದಿಕ್ಕಿನಲ್ಲಿ ಒಂದಿಷ್ಟು ಖಾಲಿ ಜಾಗ ಬಿಡಿ. ಸುತ್ತಲೂ ಅಗತ್ಯಕ್ಕಿಂತ ಅಗಲವಾಗಿಯೇ ತೆಗೆಯಿರಿ.

ಮುಖ ಚೆನ್ನಾಗಿ ಬಂದ ಫೋಟೋದಲ್ಲಿ ಕಾಲು ವಕ್ರವಾಗಿರುತ್ತದೆ, ಕಾಲು ಸರಿಯಿದ್ದಾಗ ಕಿವಿ ಮಡಚಿರುತ್ತದೆ. ಚಿಂತೆ ಬೇಡ. ಟ್ರೈಪಾಡ್, ಬೆಳಕು ಎರಡೂ ಅಲುಗಿಲ್ಲವಲ್ಲ, ಒಂದರ ತಲೆ ಇನ್ನೊಂದರ ಮೈಗೆ ಕೂಡಿಸಬಹುದು. ಇದು ಮೋಸ ಅಂತ ಕೆಲವರು ಮೂಗು ಮುರಿಯುತ್ತಾರೆ. ಕುಂಚ ಹಿಡಿದವರ ಮುಂದೆಯೂ ನಾಯಿ ಗಂಟೆಗಟ್ಟಲೆ ಕೂರುತ್ತಿರಲಿಲ್ಲ. ಅವರೂ ಬೇರೆ ಬೇರೆ ಸ್ಕೆಚ್‌ಗಳನ್ನು ಕೂಡಿಸಿಯೇ ಒಂದು ನಾಯಿ ಮಾಡುತ್ತಿದ್ದರು.

8. ಎಡಿಟಿಂಗ್: ಕಡಿಮೆ ಮಾಡುವ ಕೆಲಸ

ಮೊದಲು ರಾ ಫೈಲ್‌ನಲ್ಲಿ ಹೈಲೈಟ್ಸ್ (ತೀರಾ ಬೆಳಗಿದ ಭಾಗ) ಇಳಿಸಿ, ಕಾಂಟ್ರಾಸ್ಟ್ ಸ್ವಲ್ಪ ತಗ್ಗಿಸಿ. ಟೆಕ್ಸ್‌ಚರ್, ಕ್ಲ್ಯಾರಿಟಿ ಎರಡನ್ನೂ ಮುಖದ ಮೇಲೆ ಹಾಗೇ ಬಿಟ್ಟು, ಮೈ ಮತ್ತು ಹಿನ್ನೆಲೆಗೆ ಮಾಸ್ಕ್ ಹಾಕಿ (ಆ ಭಾಗ ಮಾತ್ರ ಆರಿಸಿ) ಕೆಳಗಿಳಿಸಿ.

ಆಮೇಲೆ ಕರ್ವ್ಸ್, ಅಂದರೆ ಕಪ್ಪಿನಿಂದ ಬಿಳುಪಿನವರೆಗಿನ ಬೆಳಕನ್ನು ತಿದ್ದುವ ಗೆರೆ. ಎಡ ತುದಿಯ ಬಿಂದುವನ್ನು 0ಯಿಂದ 15 ಅಥವಾ 20ಕ್ಕೆ ಎತ್ತಿ, ಬಲ ತುದಿಯನ್ನು 255ರಿಂದ 240ರ ಹತ್ತಿರಕ್ಕೆ ಇಳಿಸಿ. ಈಗ ಅಚ್ಚ ಕಪ್ಪೂ ಇಲ್ಲ, ಅಚ್ಚ ಬಿಳುಪೂ ಇಲ್ಲ. ನೆರಳಿಗೆ ಒಂದಿಷ್ಟು ಹಸಿರು ಬೆರೆತ ಕಂದು, ಬೆಳಕಿಗೆ ತೆಳು ಹಳದಿ ಸೇರಿಸಿ. ಕೆಂಪನ್ನು ಇಟ್ಟಿಗೆ ಬಣ್ಣದ ಕಡೆ, ಹಸಿರನ್ನು ಪಾಚಿಯ ಕಡೆ ತಳ್ಳಿ. ಹಳದಿ ಹಾಕುವಾಗ ಕೈ ಬಿಗಿ ಇರಲಿ. ಹಳೇ ಚಿತ್ರಗಳು ಹಳದಿಯಾಗಿ ಕಾಣಲು ಮುಖ್ಯ ಕಾರಣ ಮೇಲೆ ಬಳಿದ ವಾರ್ನಿಷ್ ವರ್ಷ ಕಳೆದ ಹಾಗೆ ಹಳದಿಯಾಗುವುದು. ಅದನ್ನು ತೆಗೆದು ಸ್ವಚ್ಛ ಮಾಡಿದ ಚಿತ್ರ ನೋಡಿದರೆ ಎಷ್ಟು ತಿಳಿಯಾಗಿದೆ ಅಂತ ಅಚ್ಚರಿಯಾಗುತ್ತದೆ. ಬಿಳಿ ನಾಯಿ ಕೆನೆ ಬಣ್ಣಕ್ಕೆ ಬಂದರೆ ಸಾಕು, ಅರಿಶಿನ ಮೆತ್ತಿದ ಹಾಗಾಗಬಾರದು.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಹೆಜ್ಜೆ, ಬೆಳಕನ್ನು ಕೈಯಲ್ಲಿ ತಿದ್ದುವುದು. ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಹೊಸ ಲೇಯರ್ (ಚಿತ್ರದ ಮೇಲೆ ಕೂರುವ ಪದರ) ತೆರೆದು 50 ಶೇಕಡ ಬೂದು ತುಂಬಿ, ಬ್ಲೆಂಡ್ ಮೋಡ್ ಸಾಫ್ಟ್ ಲೈಟ್ ಮಾಡಿ. ಮೆತ್ತನೆಯ ಬ್ರಷ್ ತಗೊಂಡು ಫ್ಲೋ (ಒಂದು ಸಲಕ್ಕೆ ಇಳಿಯುವ ಬಣ್ಣ) 5ರಿಂದ 10 ಶೇಕಡಕ್ಕೆ ಇಳಿಸಿ. ಬಿಳಿಯಲ್ಲಿ ಬಳಿದ ಜಾಗ ಬೆಳಗುತ್ತದೆ, ಕಪ್ಪಿನಲ್ಲಿ ಬಳಿದದ್ದು ಮಂಕಾಗುತ್ತದೆ. ಮೂತಿಯ ಮೇಲ್ಗೆರೆ, ಬೆಳಕಿನ ಕಡೆಯ ಹುಬ್ಬು, ಕೆನ್ನೆ, ಎದೆಯ ಮೇಲ್ಭಾಗ ಬೆಳಗಿಸಿ. ಕಿವಿಯ ತುದಿ, ಬೆನ್ನು, ಹೊಟ್ಟೆ, ಕಾಲು, ಚಿತ್ರದ ನಾಲ್ಕು ಮೂಲೆ ಮಂಕಾಗಿಸಿ. ನೆರಳಿನ ಕಡೆಯ ಬೆನ್ನಿನ ಅಂಚು ಹಿನ್ನೆಲೆಯಲ್ಲಿ ಕಳೆದುಹೋಗುವವರೆಗೂ ಮಂಕಾಗಿಸುತ್ತಲೇ ಇರಿ. ಮೊದಲ ಸಲ ಧೈರ್ಯ ಬರುವುದಿಲ್ಲ, ನಾಯಿಯನ್ನೇ ಅಳಿಸುತ್ತಿದ್ದೇನೆ ಅನ್ನಿಸುತ್ತದೆ. ಮಾಡಿ ನೋಡಿ, ನೋಡುವವರ ಕಣ್ಣು ಉಳಿದ ಬೆನ್ನನ್ನು ತಾನೇ ತುಂಬಿಕೊಳ್ಳುತ್ತದೆ.

ಕಣ್ಣಿಗೆ ಪ್ರತ್ಯೇಕ ಗಮನ ಬೇಕು. ಹೊಳಪು ಮೇಲೆ ಎಡಕ್ಕಿದ್ದರೆ ಬೆಳಕು ಒಳಗೆ ಹಾದು ಕೆಳಗೆ ಬಲಕ್ಕೆ ಕಣ್ಣಿನ ಕಂದು ಭಾಗವನ್ನು ತುಸು ಬೆಳಗಿಸಿರುತ್ತದೆ. ಆ ಕೆಳಗಿನ ಚಂದ್ರಾಕಾರವನ್ನು ಒಂದೇ ಒಂದು ಹೊಡೆತದಲ್ಲಿ ಹೆಚ್ಚಿಸಿ. ಹೊಳಪಿನ ಚುಕ್ಕೆಯನ್ನೇ ದೊಡ್ಡದು ಮಾಡಲು ಹೋದರೆ ಗಾಜಿನ ಗೋಲಿಯಾಗುತ್ತದೆ.

ಕುಂಚದ ಗೆರೆ ಬೇಕೇ ಬೇಕು ಅನ್ನುವವರು ಇಡೀ ಚಿತ್ರದ ಮೇಲೆ ಫಿಲ್ಟರ್ ಹಾಕದೆ, ಮಿಕ್ಸರ್ ಬ್ರಷ್ ಅಥವಾ ಸ್ಮಡ್ಜ್ ಟೂಲ್ ತಗೊಂಡು 30 ಶೇಕಡ ಬಲದಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲೇ, ಎದೆ ಮತ್ತು ಬೆನ್ನಿನ ಮೇಲೆ ಸಣ್ಣ ಸಣ್ಣದಾಗಿ ಎಳೆಯಿರಿ. ಹಿನ್ನೆಲೆಗೆ ದೊಡ್ಡ ಬ್ರಷ್. ಕಣ್ಣು, ಮೂಗು, ಬಾಯಿ ಮುಟ್ಟಬೇಡಿ. ಜೂಮ್ ಮಾಡಿ ಒಂದೊಂದೇ ಕೂದಲು ತಿದ್ದುತ್ತಾ ಕೂರಬೇಡಿ, ಆಗಾಗ ಹಿಂದೆ ಸರಿದು ಇಡೀ ಚಿತ್ರ ನೋಡಿ. ಬಿರುಕು ಬಿಟ್ಟ ಬಣ್ಣದ ಟೆಕ್ಸ್‌ಚರ್ ಹಾಕುವ ಆಸೆ ನನಗೂ ಒಂದು ಕಾಲದಲ್ಲಿತ್ತು. ಈಗ ನೋಡಿದರೆ ನಾಯಿಗೆ ಚರ್ಮರೋಗ ಬಂದ ಹಾಗಿದೆ.

9. ಪ್ರಿಂಟ್

ಫೋನಿನಲ್ಲೇ ಬಿಡಬೇಡಿ, ಈ ಶೈಲಿ ಕಾಗದದ ಮೇಲೇ ಚೆನ್ನ. ಹೊಳಪಿಲ್ಲದ, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಸುಮಾರಿನ ಹತ್ತಿಯ ಕಾಗದ ನನ್ನ ಆಯ್ಕೆ. ಕ್ಯಾನ್ವಾಸ್ ಮೇಲೆ ಹಾಕಿಸುವುದಾದರೆ ಫೈಲ್‌ನಲ್ಲಿ ಕ್ಯಾನ್ವಾಸ್ ಟೆಕ್ಸ್‌ಚರ್ ಸೇರಿಸಿದ್ದರೆ ತೆಗೆಯಿರಿ, ನೇಯ್ಗೆಯ ಮೇಲೆ ನೇಯ್ಗೆ ಬಿದ್ದು ವಿಚಿತ್ರವಾಗುತ್ತದೆ. 24 ಮೆಗಾಪಿಕ್ಸೆಲ್ ಫೈಲನ್ನು 4:5 ಅಳತೆಗೆ ಕತ್ತರಿಸಿದರೆ 4000 × 5000 ಪಿಕ್ಸೆಲ್ ಉಳಿಯುತ್ತದೆ. 16 × 20 ಇಂಚಿನ ಪ್ರಿಂಟ್‌ಗೆ ಇಂಚಿಗೆ 250 ಪಿಕ್ಸೆಲ್ ಸಿಗುತ್ತದೆ, ಧಾರಾಳ.

ಕತ್ತಲ ಚಿತ್ರಗಳು ಪ್ರಿಂಟ್‌ನಲ್ಲಿ ಇನ್ನೂ ಕತ್ತಲಾಗುತ್ತವೆ, ಯಾಕೆಂದರೆ ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಸ್ಕ್ರೀನ್ ಬೆಳಕು ತಗ್ಗಿಸಿ ಎಡಿಟ್ ಮಾಡಿ. ದೊಡ್ಡದು ಹಾಕಿಸುವ ಮೊದಲು ಅದೇ ಕಾಗದದಲ್ಲಿ ಅಂಗೈ ಅಗಲದ ಎರಡು ಮೂರು ತುಂಡು ಪ್ರಿಂಟ್ ಹಾಕಿಸಿ, ಒಂದೊಂದನ್ನು ಸ್ವಲ್ಪ ಸ್ವಲ್ಪ ಹೆಚ್ಚು ತಿಳಿ ಮಾಡಿ. ಅವನ್ನು ಚಿತ್ರ ತೂಗುಹಾಕುವ ಗೋಡೆಯ ಹತ್ತಿರವೇ ಹಿಡಿದು ನೋಡಿ ಆರಿಸಿ.

ಹೆಸರು ಬರೆಸುವ ಆಸೆ ಇದ್ದರೆ ಅದಕ್ಕೂ ಹಳೇ ದಾರಿ ಇದೆ. ಝಾನ್ ಬ್ಯಾಪ್ಟಿಸ್ಟ್ ಊದ್ರಿ 1725ರಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿಯ ಮಿಸ್, ತುರ್ಲು ಎಂಬ ಎರಡು ನಾಯಿಗಳನ್ನು ಬರೆದಾಗ ಅವುಗಳ ಹೆಸರನ್ನು ಚಿತ್ರದಲ್ಲೇ ಚಿನ್ನದ ಅಕ್ಷರದಲ್ಲಿ ಬರೆದ. ನೀವೂ ಕೆಳಗಿನ ಕತ್ತಲ ಮೂಲೆಯಲ್ಲಿ, ಮಂಕು ಚಿನ್ನದ ಬಣ್ಣದಲ್ಲಿ, ಚಿಕ್ಕದಾಗಿ ಬರೆಯಬಹುದು.

ಚೌಕಟ್ಟು ಅಗಲವಾದ ಕಡು ಮರದ್ದಾಗಿರಲಿ, ಸುತ್ತ ಬಿಳಿ ಮೌಂಟ್ (ಚಿತ್ರಕ್ಕೂ ಚೌಕಟ್ಟಿಗೂ ನಡುವಿನ ರಟ್ಟಿನ ಅಂಚು) ಬೇಡ. ಗಾಜು ಹಾಕಿಸುವುದಾದರೆ ಪ್ರತಿಬಿಂಬ ಬಾರದ್ದು ಹಾಕಿಸಿ, ಕತ್ತಲ ಚಿತ್ರದ ಮೇಲೆ ಸಾದಾ ಗಾಜು ಕನ್ನಡಿಯಾಗಿಬಿಡುತ್ತದೆ. ತೂಗುಹಾಕುವಾಗ ಚಿತ್ರದಲ್ಲಿ ಬೆಳಕು ಎಡದಿಂದ ಬಂದಿದ್ದರೆ ಕೋಣೆಯ ಕಿಟಕಿಯೂ ಎಡಕ್ಕಿರುವ ಗೋಡೆ ಹುಡುಕಿ. ಆಗ ಕೋಣೆಯ ಬೆಳಕೇ ಚೌಕಟ್ಟಿನೊಳಗೆ ಹೋದ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಅಂಥ ಗೋಡೆ ಇದ್ದದ್ದು ಒಂದೇ, ಅದೂ ನಾಯಿ ಮಲಗುವ ಜಾಗದ ಮೇಲೆ. ಅದು ಇವತ್ತಿನವರೆಗೂ ಒಂದು ಸಲವೂ ತಲೆ ಎತ್ತಿ ನೋಡಿಲ್ಲ.